ತಲೆಕಟ್ಟು ನೋಡು, ಹೊಟ್ಟೆ ನೋಡು

ಹೈದರಾಬಾದಿನ ಮಹಾತ್ಮ ಗಾಂಧಿ ಬಸ್‌ ನಿಲ್ದಾಣವನ್ನು ಊರಿನವರು ಇಂದಿಗೂ ಇಮ್ಲಿಬನ್‌ ಎಂದೇ ಕರೆಯುತ್ತಾರೆ. ಮೂಸಿ ನದಿಯ ನಡುವಿನ ಆ ನಿಲ್ದಾಣದಲ್ಲಿ ನಿಜಾಮಾಬಾದು, ಮಹಬೂಬ್‌ನಗರದ ಬಸ್ಸುಗಳ ಜೊತೆಗೆ ಬೀದರ್‌, ಕಲಬುರಗಿ, ರಾಯಚೂರಿನ ಬಸ್ಸುಗಳೂ ನಿಂತಿರುತ್ತವೆ. ಶಾಲೆಯಲ್ಲಿ ತೆಲುಗು ಅಕ್ಷರ ಕಲಿತ ಆರು ವರ್ಷದ ಮಗು ಕನ್ನಡದಲ್ಲಿ ಬರೆದ ‘ಬೀದರ್‌’ ಎಂಬ ಬೋರ್ಡನ್ನು ಓದಬಲ್ಲದೇ? ಮುಕ್ಕಾಲು ಪಾಲು ಓದಬಲ್ಲದು. ಬ, ದ, ರ ಮೂರೂ ಎರಡು ಲಿಪಿಗಳಲ್ಲಿ ಹೆಚ್ಚುಕಡಿಮೆ ಒಂದೇ ಬಗೆಯವು. ಮಗು ತಡವರಿಸುವುದು ದೀರ್ಘದ ಹತ್ತಿರ. ಕನ್ನಡದ ದೀರ್ಘ ಅಕ್ಷರದ ಬಲಕ್ಕೆ ಬೇರೆಯಾಗಿ ನಿಲ್ಲುವ ಸುರುಳಿ. ತೆಲುಗಿನಲ್ಲಿ ತಲೆಯ ಮೇಲಿನ ಗುಡಿಸಿಗೇ ಒಂದು ಸಣ್ಣ ಕೊಂಡಿ ಸೇರಿಕೊಳ್ಳುತ್ತದೆ. ತೆಲುಗು ಕಲಿತ ಕಣ್ಣಿಗೆ ಆ ಸುರುಳಿ ಇನ್ನೊಂದು ಅಕ್ಷರವಿದ್ದಂತೆ ಕಾಣುತ್ತದೆ.

ಅಂದರೆ ಅಕ್ಷರ ಗುರುತಿಸುವುದೆಂದರೆ ಆಕಾರವನ್ನು ನೆನಪಿಟ್ಟುಕೊಳ್ಳುವುದಷ್ಟೇ ಅಲ್ಲ. ಯಾವ ವ್ಯತ್ಯಾಸಕ್ಕೆ ಬೆಲೆ ಕೊಡಬೇಕು, ಯಾವುದನ್ನು ಕಂಡೂ ಕಾಣದಂತೆ ಬಿಡಬೇಕು ಎಂಬುದನ್ನು ಕಲಿಯುವುದು ಅದರ ಅರ್ಧ ಕೆಲಸ. ಪ ಮತ್ತು ಷ ನಡುವೆ ಇರುವುದು ಹೊಟ್ಟೆಯೊಳಗಿನ ಒಂದು ಗೆರೆ. ರ ಮತ್ತು ಠ ನಡುವೆ ಒಂದು ಚುಕ್ಕೆ. ದ ಮತ್ತು ಧ ನಡುವೆ ಬುಡದಲ್ಲೊಂದು ಸಣ್ಣ ಸೀಳು. ಇವೆಲ್ಲ ಕಣ್ಣಿಗೆ ಕಿರಿದು, ಓದಿಗೆ ಹಿರಿದು. ಅದೇ, ತೆಲುಗಿನ ತಲೆಕಟ್ಟು ಮೇಲಕ್ಕೆ ಚಿಮ್ಮಿದ ಸರಿ ಗುರುತಿನಂತಿದ್ದರೆ ಕನ್ನಡದ್ದು ಅಡ್ಡಡ್ಡ ಮಲಗಿದ ಗೆರೆ. ಕಣ್ಣಿಗೆ ಇದು ಎದ್ದು ಕಾಣುವ ವ್ಯತ್ಯಾಸ. ಆದರೆ ಗ ಯಾವ ತಲೆಕಟ್ಟು ಹೊತ್ತರೂ ಗ. ದೊಡ್ಡದನ್ನು ಬಿಡು, ಚಿಕ್ಕದನ್ನು ಹಿಡಿ ಎಂದು ಮಗುವಿಗೆ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಅದನ್ನು ಅದು ತಾನೇ ಕಂಡುಕೊಳ್ಳಬೇಕು.

ಅಮೆರಿಕದ ಮನೋವಿಜ್ಞಾನಿ ಎಲಿನಾರ್‌ ಗಿಬ್ಸನ್‌ ಮತ್ತು ಸಂಗಡಿಗರು 1962ರಲ್ಲಿ ಇದನ್ನೇ ಪರೀಕ್ಷೆಗೆ ಒಡ್ಡಿದರು. ನಾಲ್ಕರಿಂದ ಎಂಟು ವರ್ಷದ ಮಕ್ಕಳ ಮುಂದೆ ಯಾವ ಭಾಷೆಗೂ ಸೇರದ, ಆದರೆ ಅಕ್ಷರದಂತೆ ಕಾಣುವ ಚಿತ್ರಗಳನ್ನಿಟ್ಟು, ಮೂಲದ ಹಾಗೆಯೇ ಇರುವುದನ್ನು ಆರಿಸಿ ಎಂದರು. ಕೆಲವು ಚಿತ್ರಗಳಲ್ಲಿ ಮುಚ್ಚಿದ ಗೆರೆ ಬಿಚ್ಚಿಕೊಂಡಿತ್ತು, ಕೆಲವು ತಿರುಗಿದ್ದವು ಅಥವಾ ಕನ್ನಡಿಯ ಬಿಂಬದಂತೆ ಮಗುಚಿದ್ದವು, ಕೆಲವು ಓರೆಯಿಂದ ನೋಡಿದಂತೆ ವಾಲಿದ್ದವು. ಗೆರೆ ಬಿಚ್ಚಿದ್ದನ್ನು ನಾಲ್ಕು ವರ್ಷದವರೂ ಸುಲಭವಾಗಿ ಹಿಡಿದರು. ತಿರುಗಿದ್ದರಲ್ಲಿ, ಮಗುಚಿದ್ದರಲ್ಲಿ ಚಿಕ್ಕವರು ತುಂಬ ತಪ್ಪಿದರು. ಎಂಟರ ಹೊತ್ತಿಗೆ ಆ ತಪ್ಪು ಬಹುತೇಕ ಮಾಯವಾಗಿತ್ತು. ವಾಲಿದ ಚಿತ್ರಗಳಲ್ಲಿ ಮಾತ್ರ ದೊಡ್ಡ ಮಕ್ಕಳೂ ಎಡವುತ್ತಲೇ ಇದ್ದರು. ಕಾರಣ ಸರಳ: ಓರೆಯಾಗಿ ಕಂಡರೂ ಅಕ್ಷರ ಬದಲಾಗದು. ಹಾಗಾಗಿ ಆ ವ್ಯತ್ಯಾಸ ಕಲಿಯಲು ಓದು ಅವರನ್ನು ಒತ್ತಾಯಿಸಿರಲಿಲ್ಲ.

ತಿರುಗಿದ, ಮಗುಚಿದ ಚಿತ್ರಗಳಲ್ಲಾಗುವ ತಪ್ಪಿನ ಬೇರು ಮಗುವಿನ ಮಬ್ಬುತನದಲ್ಲಿಲ್ಲ, ಅದರ ಜಾಣತನದಲ್ಲಿದೆ. ಹುಟ್ಟಿದಂದಿನಿಂದ ಮಗು ಕಲಿತದ್ದು, ಚೊಂಬಿನ ಬಾಯಿ ಎತ್ತ ತಿರುಗಿದರೂ ಅದು ಚೊಂಬೇ ಎಂಬುದನ್ನು. ಅಕ್ಷರಗಳ ಲೋಕದಲ್ಲಿ ಮಾತ್ರ ಈ ನಿಯಮ ತಲೆಕೆಳಗು. ಇಂಗ್ಲಿಷಿನ ಸಣ್ಣ ‘ಬಿ’ ಎಡಬಲ ಮಗುಚಿದರೆ ‘ಡಿ’, ಮೇಲುಕೆಳಗೆ ಮಗುಚಿದರೆ ‘ಪಿ’. ಫ್ರೆಂಚ್‌ ನರವಿಜ್ಞಾನಿ ಸ್ಟಾನಿಸ್ಲಾಸ್‌ ಡಹಾನ್‌ ಹೇಳುವಂತೆ ಓದಲು ಕಲಿಯುವ ಮಿದುಳು ಈ ಹಳೆಯ ಜಾಣತನವನ್ನು ಅಕ್ಷರಗಳ ಮಟ್ಟಿಗೆ ಮರೆಯಬೇಕಾಗುತ್ತದೆ. ಎಷ್ಟು ಮರೆಯಬೇಕೆಂಬುದನ್ನು ನಿರ್ಧರಿಸುವುದು ಲಿಪಿ. ಈವ್‌ ಡ್ಯಾಂಜಿಗರ್‌ ಮತ್ತು ಎರಿಕ್‌ ಪೀಡರ್ಸನ್‌ 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ತಮಿಳು ಮಾತ್ರ ಓದಬಲ್ಲವರು ಕನ್ನಡಿ ಬಿಂಬದ ವ್ಯತ್ಯಾಸವನ್ನು ರೋಮನ್‌ ಲಿಪಿ ಬಲ್ಲವರಷ್ಟು ಗಣನೆಗೆ ತೆಗೆದುಕೊಳ್ಳಲಿಲ್ಲ. ತಮಿಳಿನಲ್ಲಿ ಹಾಗೆ ಒಂದನ್ನೊಂದು ಮಗುಚಿ ಹಾಕಿದ ಅಕ್ಷರಗಳ ಜೋಡಿ ಇಲ್ಲ. ಆ ಚಿಂತೆ ಅವರಿಗೆ ಬೇಕಿರಲಿಲ್ಲ. ಕನ್ನಡ, ತೆಲುಗುಗಳ ಕಷ್ಟವೂ ಅಲ್ಲಿಲ್ಲ. ಇಲ್ಲಿ ಕಷ್ಟವೆಲ್ಲ ಒತ್ತು, ಸೀಳು, ಚುಕ್ಕೆ, ಬಾಲಗಳಲ್ಲಿ. ಇಂಗ್ಲಿಷ್‌ ಪ್ಲೇಸ್ಕೂಲಿಗೆ ಹೋಗುವ ಹೈದರಾಬಾದಿನ ಮಗು ಬೆಳಿಗ್ಗೆ ‘ಎತ್ತ ತಿರುಗಿದೆ ನೋಡು’ ಎಂಬ ಪಾಠ ಕಲಿತು, ಸಂಜೆ ಮನೆಯಲ್ಲಿ ‘ಹೊಟ್ಟೆಯೊಳಗೆ ಏನಿದೆ ನೋಡು’ ಎಂಬ ಬೇರೊಂದು ಪಾಠ ಕಲಿಯುತ್ತದೆ.

ನಮ್ಮ ಹಳೆಯ ಮೇಷ್ಟ್ರುಗಳಿಗೆ ಇದು ಗೊತ್ತಿತ್ತು ಎನ್ನಬೇಕು. ‘ಹೊಟ್ಟೆ ಸೀಳಿದ ಷ’ ಎಂದು ಅವರು ಕರೆದದ್ದು ಸುಮ್ಮನೆ ತಮಾಷೆಗಲ್ಲ. ಎಲ್ಲಿ ನೋಡಬೇಕೆಂಬ ಸೂಚನೆ ಆ ಹೆಸರಿನಲ್ಲೇ ಇದೆ.

ಕನ್ನಡ ಮತ್ತು ತೆಲುಗು ಇಷ್ಟು ಹತ್ತಿರವಿರುವುದಕ್ಕೆ ಇತಿಹಾಸವಿದೆ. ಹೈದರಾಬಾದಿನ ಉತ್ತರಕ್ಕೆ, ಕರೀಂನಗರದ ಬಳಿಯ ಕುರ್ಕ್ಯಾಲದ ಬಂಡೆಯ ಮೇಲೆ ಹತ್ತನೇ ಶತಮಾನದ ಶಾಸನವೊಂದಿದೆ. ಬರೆಸಿದವನು ಆದಿಕವಿ ಪಂಪನ ತಮ್ಮ ಜಿನವಲ್ಲಭ. ಒಂದೇ ಬಂಡೆಯ ಮೇಲೆ ಸಂಸ್ಕೃತ, ಕನ್ನಡ, ತೆಲುಗು ಮೂರೂ ಭಾಷೆಗಳಿವೆ. ಅಂದು ಕನ್ನಡಕ್ಕೂ ತೆಲುಗಿಗೂ ಲಿಪಿ ಒಂದೇ. ಕದಂಬರು, ಚಾಲುಕ್ಯರ ಕಾಲದಿಂದ ಹರಿದು ಬಂದ ಆ ಲಿಪಿ ಮುಂದಿನ ಕೆಲವು ಶತಮಾನಗಳಲ್ಲಿ ನಿಧಾನವಾಗಿ ಎರಡಾಯಿತು. ಹತ್ತೊಂಬತ್ತನೇ ಶತಮಾನದ ಅಚ್ಚುಮೊಳೆಗಳು ಆ ಬೇರ್ಪಡೆಯನ್ನು ಗಟ್ಟಿ ಮಾಡಿದವು. ಇಂದು ಕಂಪ್ಯೂಟರಿನ ಯೂನಿಕೋಡ್‌ ಕೋಷ್ಟಕದಲ್ಲೂ ಇಬ್ಬರೂ ಅಕ್ಕಪಕ್ಕದ ಮನೆಯವರು: ತೆಲುಗಿಗೆ 128 ಸ್ಥಾನ, ಅದು ಮುಗಿದಲ್ಲಿಂದಲೇ ಕನ್ನಡಕ್ಕೆ 128.

ಹೈದರಾಬಾದಿನ ಕನ್ನಡಿಗರ ಕಥೆಯೂ ಇಂಥದ್ದೇ ನೆರೆಹೊರೆಯದು. ಬೀದರ್‌, ಕಲಬುರಗಿ, ರಾಯಚೂರು ಜಿಲ್ಲೆಗಳು 1956ರ ನವೆಂಬರ್‌ 1ರವರೆಗೆ ಹೈದರಾಬಾದ್‌ ರಾಜ್ಯದಲ್ಲೇ ಇದ್ದವು. ನಿಜಾಮರ ಕಾಲದಲ್ಲಿ ಆ ಕಡೆಯ ಮಕ್ಕಳು ಶಾಲೆಯಲ್ಲಿ ಉರ್ದು ಕಲಿತು, ಕನ್ನಡವನ್ನು ಮನೆಯಲ್ಲೋ ಮಠದಲ್ಲೋ ಕಲಿತದ್ದೇ ಹೆಚ್ಚು. ಓದು, ಕೋರ್ಟು, ನೌಕರಿ ಎಂದು ರಾಜಧಾನಿಗೆ ಬಂದವರು ಇಲ್ಲೇ ನೆಲೆಸಿದರು. ಕಾಚಿಗುಡದ ನೃಪತುಂಗ ಶಾಲೆ, ಅಲ್ಲಿಯೇ ಇರುವ ಕರ್ನಾಟಕ ಸಾಹಿತ್ಯ ಮಂದಿರ ಆ ನೆಲೆಯ ಗುರುತುಗಳು. ಈಚಿನ ವರ್ಷಗಳಲ್ಲಿ ಗಚ್ಚಿಬೌಲಿ, ಕೊಂಡಾಪುರದ ಕಡೆ ಸಾಫ್ಟ್‌ವೇರ್‌ ಕೆಲಸಕ್ಕೆ ಬಂದ ಕನ್ನಡ ಕುಟುಂಬಗಳೂ ಸೇರಿಕೊಂಡಿವೆ. ತೆಲಂಗಾಣ ಸರ್ಕಾರ 2018ರ ಕಾಯ್ದೆಯ ಮೂಲಕ ಎಲ್ಲ ಬಗೆಯ ಶಾಲೆಗಳಲ್ಲೂ ತೆಲುಗು ಕಲಿಕೆಯನ್ನು ಕಡ್ಡಾಯ ಮಾಡಿತು. ಹೀಗಾಗಿ ಇಲ್ಲಿನ ಬಹುಪಾಲು ಕನ್ನಡ ಮಕ್ಕಳಿಗೆ ಶಾಲೆಯಲ್ಲಿ ಸಿಗುವುದು ಇಂಗ್ಲಿಷ್‌, ತೆಲುಗು, ಹಿಂದಿ. ಕನ್ನಡ ಅಕ್ಷರ ಕಲಿಸುವ ಹೊಣೆ ಅಜ್ಜ-ಅಜ್ಜಿಗೆ, ಅಪ್ಪ-ಅಮ್ಮನಿಗೆ.

ಆ ಹೊಣೆ ಹೊತ್ತವರು ಮೊದಲು ಲೆಕ್ಕ ತಿಳಿದಿರಬೇಕು. ಇಂಗ್ಲಿಷಿನದು 26 ಅಕ್ಷರ, ದೊಡ್ಡವು ಚಿಕ್ಕವು ಸೇರಿ 52 ರೂಪ. ಕನ್ನಡ ವರ್ಣಮಾಲೆ 49 ಎಂದು ಪುಸ್ತಕ ಹೇಳುತ್ತದೆ. ಆದರೆ ಮಗು ಓದುವುದು ವರ್ಣಮಾಲೆಯನ್ನಲ್ಲ, ಕಾಗುಣಿತವನ್ನು. ‘ಕ’ದಿಂದ ‘ಕಃ’ದವರೆಗೆ ಒಂದೊಂದು ವ್ಯಂಜನಕ್ಕೆ 15 ರೂಪ, 34 ವ್ಯಂಜನಕ್ಕೆ 510. ಒತ್ತಕ್ಷರ ಸೇರಿಸಿದರೆ ಲೆಕ್ಕ ಎಲ್ಲೋ ಹೋಗುತ್ತದೆ. ಬೆಂಗಳೂರಿನ ಪ್ರಾಮಿಸ್‌ ಫೌಂಡೇಶನ್ನಿನ ಸಂಶೋಧಕಿ ಸೊನಾಲಿ ನಾಗ್‌ ಕನ್ನಡ ಓದಲು ಕಲಿಯುವ ಪ್ರಾಥಮಿಕ ಶಾಲೆಯ ಮಕ್ಕಳನ್ನು ಅಧ್ಯಯನ ಮಾಡಿ 2007ರಲ್ಲಿ ಪ್ರಕಟಿಸಿದ ಫಲಿತಾಂಶ ಇದಕ್ಕೆ ಹೊಂದುತ್ತದೆ. ಇಂಗ್ಲಿಷ್‌ ಕಲಿಯುವ ಮಕ್ಕಳು ಅಕ್ಷರಗಳನ್ನು ಬೇಗ ಮುಗಿಸಿಬಿಡುತ್ತಾರೆ. ಕನ್ನಡದ ಮಕ್ಕಳಲ್ಲಿ ಅಕ್ಷರ ಕಲಿಕೆ ನಾಲ್ಕನೇ ತರಗತಿಯ ಹೊತ್ತಿಗೂ ಮುಂದುವರಿದಿರುತ್ತದೆ. ಮಾತನ್ನು ಬಿಡಿ ಧ್ವನಿಗಳಾಗಿ ಒಡೆಯುವ ಅರಿವೂ, ಅಂದರೆ ‘ಕ’ ಎಂಬುದರಲ್ಲಿ ‘ಕ್‌’ ಮತ್ತು ‘ಅ’ ಎರಡಿವೆ ಎಂಬ ತಿಳಿವಳಿಕೆಯೂ, ತಡವಾಗಿ ಮೂಡುತ್ತದೆ. ಮುಂದೆ 2014ರಲ್ಲಿ ಅವರು ಬ್ರಿಟನ್ನಿನ ಸಂಶೋಧಕರ ಜೊತೆಗೂಡಿ ತೋರಿಸಿದ್ದು: ಪುಸ್ತಕದಲ್ಲಿ ಪದೇಪದೇ ಕಾಣುವ ಅಕ್ಷರ ಮೊದಲು ಬರುತ್ತದೆ, ಗೆರೆಗಳ ಜಟಿಲತೆ ಹೆಚ್ಚಿದ್ದು ಹಿಂದೆ ಬೀಳುತ್ತದೆ.

ಹಾಗೆಂದು ಎಲ್ಲವೂ ಕಷ್ಟವಲ್ಲ. ನಮ್ಮ ಅಕ್ಷರದ ಹೆಸರೇ ಅದರ ಸದ್ದು. ‘ಸಿ’ ಎಂದು ಹೆಸರು ಕಲಿತು, ‘ಕ್ಯಾಟ್‌’ನಲ್ಲಿ ಅದನ್ನು ‘ಕ’ ಎಂದು ಓದುವ ಗೋಜಲು ಇಲ್ಲಿಲ್ಲ. ‘ಕಮಲ’ವನ್ನು ಕ-ಮ-ಲ ಎಂದು ಮೂರು ಚಪ್ಪಾಳೆಯಲ್ಲಿ ಒಡೆಯಲು ನಾಲ್ಕು ವರ್ಷದ ಮಗುವಿಗೂ ಕಷ್ಟವಿಲ್ಲ. ಅಂತ್ಯಾಕ್ಷರಿ ಆಡುವಾಗ, ಪ್ರತಿ ಅಕ್ಷರದ ಮುಂದೆ ‘ಕ’ ಸೇರಿಸಿ ಮಕ್ಕಳು ಗುಟ್ಟಿನ ಭಾಷೆ ಕಟ್ಟುವಾಗ ಇದೇ ಕಸರತ್ತು ನಡೆಯುತ್ತದೆ. ತೆಲುಗು ಮಕ್ಕಳೂ ಅದೇ ಆಟ ಆಡುತ್ತಾರೆ. ಉಸ್ಮಾನಿಯಾ ವಿಶ್ವವಿದ್ಯಾಲಯದ ಭಾಷಾವಿಜ್ಞಾನ ವಿಭಾಗದ ಡಿ. ವಸಂತ ಅವರು ತೆಲುಗು ಓದುವ ಮಕ್ಕಳು ಇಂಥ ಲಿಪಿಯಲ್ಲಿ ಧ್ವನಿಗಳನ್ನು ಹೇಗೆ ನಿಭಾಯಿಸುತ್ತಾರೆಂದು ಅಧ್ಯಯನ ಮಾಡಿ 2004ರಲ್ಲಿ ಬರೆದರು. ಇಂಗ್ಲಿಷಿನ ಅಳತೆಗೋಲನ್ನು ಹಾಗೆಯೇ ತಂದು ನಮ್ಮ ಮಕ್ಕಳ ಮೇಲಿಡಲಾಗದು ಎಂಬ ಎಚ್ಚರ ಹುಟ್ಟಿದ್ದು ಇಂಥ ಕೆಲಸಗಳಿಂದ.

ಈಗ ಕಲಿಸುವ ಕ್ರಮಕ್ಕೆ ಬರೋಣ. ಅ ಆ ಇ ಈ ಎಂಬ ವರ್ಣಮಾಲೆಯ ಜೋಡಣೆ ಜಗತ್ತಿನ ಅತಿ ಬುದ್ಧಿವಂತ ಜೋಡಣೆಗಳಲ್ಲೊಂದು. ಗಂಟಲಿನಿಂದ ತುಟಿಯವರೆಗೆ ಧ್ವನಿ ಹುಟ್ಟುವ ಜಾಗಗಳನ್ನು ಅನುಸರಿಸಿ ಕ, ಚ, ಟ, ತ, ಪ ವರ್ಗಗಳು ಸಾಲಾಗಿ ನಿಂತಿವೆ. ಆದರೆ ಅದು ಧ್ವನಿಶಾಸ್ತ್ರ, ಮೊದಲ ಪಾಠವಲ್ಲ. ಆ ಸಾಲಿನಲ್ಲಿ ಹೋದರೆ ಮಗು ಋ, ಙ, ಞ ಎಂಬ, ಓದಿನಲ್ಲಿ ಕೈಗೆ ಸಿಗದ ಅಕ್ಷರಗಳನ್ನು ‘ಮರ’ ಎಂಬ ಪದ ಓದುವ ಮೊದಲೇ ತಿದ್ದಬೇಕಾಗುತ್ತದೆ.

ಇದಕ್ಕೆ ಪರ್ಯಾಯ ಹುಟ್ಟಿದ ಕಥೆಯಲ್ಲಿ ತೆಲುಗಿಗೂ ಕನ್ನಡಕ್ಕೂ ಪಾಲಿದೆ. ಆಂಧ್ರದ ಮದನಪಲ್ಲಿಯ ಬಳಿಯ ಋಷಿ ಕಣಿವೆಯಲ್ಲಿ ಸುತ್ತಲಿನ ಹಳ್ಳಿಗಳ ಒಬ್ಬರೇ ಮೇಷ್ಟ್ರ ಶಾಲೆಗಳಿಗಾಗಿ ತೆಲುಗು ಕಲಿಕಾ ಕಾರ್ಡುಗಳನ್ನು ರೂಪಿಸಲಾಗಿತ್ತು. ಮಗು ಏಣಿಯ ಮೆಟ್ಟಿಲು ಹತ್ತಿದಂತೆ ತನ್ನ ವೇಗದಲ್ಲಿ ಕಾರ್ಡಿನಿಂದ ಕಾರ್ಡಿಗೆ ಹೋಗುವ ಪದ್ಧತಿ ಅದು. ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಿಕ್ಷಕರು ಅಲ್ಲಿಗೆ ಹೋಗಿ ನೋಡಿ ಬಂದು, ಯುನಿಸೆಫ್‌ ನೆರವಿನಿಂದ 1995ರಲ್ಲಿ ಶುರು ಮಾಡಿದ್ದೇ ನಲಿ-ಕಲಿ. 2009ರ ಹೊತ್ತಿಗೆ ಅದು ಕರ್ನಾಟಕದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಹರಡಿತು. ನಲಿ-ಕಲಿಯ ಮೊದಲ ಅಕ್ಷರಗಳು ರ, ಗ, ಸ, ದ, ಅ.

ಐದೇ ಅಕ್ಷರ. ಆದರೆ ಇವುಗಳಿಂದ ಸರ, ರಸ, ದರ, ಅಗಸ, ಅರಸ, ಗರಗಸ ಎಲ್ಲ ಬರುತ್ತವೆ. ಕಾಗುಣಿತ ಬೇಡ, ಒತ್ತು ಬೇಡ. ಬರೆಯಲು ಸರಳ, ಒಂದನ್ನೊಂದು ಹೋಲುವ ಜೋಡಿ ಇಲ್ಲ. ಮೊದಲ ವಾರಗಳಲ್ಲೇ ಮಗು ಪದ ಓದುತ್ತದೆ. ಅಕ್ಷರಕ್ಕೂ ಮಾತಿಗೂ ಸಂಬಂಧವಿದೆ ಎಂಬುದು ಅದಕ್ಕೆ ಗೊತ್ತಾಗುವುದು ಆಗಲೇ. ‘ನಮ್ಮ ಹುಡುಗನಿಗೆ ಅ ಆ ಇ ಈ ಹೇಳೋಕೇ ಬರಲ್ಲ’ ಎಂದು ಗೊಣಗಿದ ತಂದೆ-ತಾಯಿಯರು ಕಡಿಮೆಯೇನಲ್ಲ. ಹೇಳಲು ಬಾರದ ಆ ಹುಡುಗ ಗರಗಸ ಎಂದು ಓದುತ್ತಿದ್ದುದನ್ನು ಅವರು ಗಮನಿಸಲಿಲ್ಲವೇನೋ.

ಹೈದರಾಬಾದಿನ ಮಗುವಿಗೆ ಈ ಐದು ಅಕ್ಷರಗಳಿಂದ ಇನ್ನೊಂದು ಲಾಭವಿದೆ. ಐದೂ ತೆಲುಗಿನಲ್ಲಿ ಬಹುತೇಕ ಹಾಗೆಯೇ ಇವೆ. ನಂತರದ ಗುಂಪಾದ ಜ, ವ, ಮ, ಬ, ನ ಕೂಡ ಅಷ್ಟೇ ಹತ್ತಿರ. ಮಗು ಒಂದು ಲಿಪಿಯಲ್ಲಿ ಗಳಿಸಿದ್ದು ಇನ್ನೊಂದರಲ್ಲೂ ಚಲಾವಣೆಯಾಗುತ್ತದೆ. ಬೇರೆಯಾಗಿ ನಿಲ್ಲುವ ಕ, ತ, ಶ ಮುಂತಾದವನ್ನು ಆಮೇಲೆ, ಎರಡು ಲಿಪಿಯ ರೂಪಗಳನ್ನೂ ಪಕ್ಕಪಕ್ಕ ಇಟ್ಟು ತೋರಿಸಿದರೆ ಸಾಕು. ಗೊಂದಲವಾಗುತ್ತದೆಂದು ಹೆದರಿ ಒಂದನ್ನು ಬಚ್ಚಿಡುವುದಕ್ಕಿಂತ ಇದು ವಾಸಿ; ಬಚ್ಚಿಟ್ಟರೂ ಬಚ್ಚಿಡಲಾಗದ ಊರು ಇದು. ಕಾಚಿಗುಡ ರೈಲು ನಿಲ್ದಾಣದ ಒಂದೇ ಹಲಗೆಯ ಮೇಲೆ ತೆಲುಗು, ಹಿಂದಿ, ಉರ್ದು, ಇಂಗ್ಲಿಷ್‌ ನಾಲ್ಕೂ ಇವೆ, ಅದರಲ್ಲೊಂದು ಬಲದಿಂದ ಎಡಕ್ಕೆ ಹೋಗುತ್ತದೆ.

ಇನ್ನು ಬರೆಯುವುದು. ಗೋದಾವರಿ ದಡದ ಬಾಸರದಲ್ಲಿ ಜ್ಞಾನಸರಸ್ವತಿಯ ಗುಡಿಯಿದೆ. ವಸಂತಪಂಚಮಿಯಂದು ಅಲ್ಲಿ ಅಕ್ಷರಾಭ್ಯಾಸಕ್ಕೆ ಕಿಕ್ಕಿರಿದ ಜನ. ಅಷ್ಟು ದೂರ ಹೋಗಲಾಗದ ಹೈದರಾಬಾದಿಗರು ವರ್ಗಲ್‌ನ ಸರಸ್ವತಿ ಗುಡಿಗೆ ಹೋಗುತ್ತಾರೆ. ಕನ್ನಡಿಗರಲ್ಲಿ ಶೃಂಗೇರಿಗೇ ಹೋಗುವವರೂ ಉಂಟು. ಎಲ್ಲ ಕಡೆಯೂ ಕ್ರಿಯೆ ಒಂದೇ: ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು, ಬೆರಳು ಹಿಡಿದು ಅಕ್ಕಿಯ ಮೇಲೆ ಅಥವಾ ಸ್ಲೇಟಿನ ಮೇಲೆ ಬರೆಸುವುದು. ಆಂಧ್ರದ ಮಾರ್ಕಾಪುರದ ಕಲ್ಲಿನ ಸ್ಲೇಟುಗಳು ಒಂದು ಕಾಲಕ್ಕೆ ದಕ್ಷಿಣದ ಎಷ್ಟೋ ಮನೆಗಳಲ್ಲಿ ಈ ಕೆಲಸಕ್ಕೆ ಒದಗಿದವು. ಅಕ್ಷರಾಭ್ಯಾಸದ ದಿನ ಅಕ್ಷರ ಬರೆಯುವುದು ದೊಡ್ಡವರ ಕೈ. ಮಗುವಿನ ಬೆರಳು ಜೊತೆಗೆ ಹೋಗಿ ಬರುತ್ತದೆ. ಅದು ಹರಕೆ, ಪಾಠವಲ್ಲ. ಅದನ್ನು ಪಾಠವೆಂದು ಯಾರೂ ತಪ್ಪು ತಿಳಿದಿಲ್ಲ.

ತಪ್ಪು ಶುರುವಾಗುವುದು ಮರುದಿನ, ಚುಕ್ಕೆ ಚುಕ್ಕೆಯ ಅಕ್ಷರಗಳಿರುವ ತಿದ್ದುವ ಪುಸ್ತಕ ಕೈಗೆ ಕೊಟ್ಟಾಗ.

ಇಂಡಿಯಾನಾ ವಿಶ್ವವಿದ್ಯಾಲಯದ ಕ್ಯಾರಿನ್‌ ಜೇಮ್ಸ್‌ ಮತ್ತು ಲಾರಾ ಎಂಗಲ್‌ಹಾರ್ಟ್‌ 2012ರಲ್ಲಿ ಇನ್ನೂ ಓದಲು ಬಾರದ ಐದು ವರ್ಷದ ಮಕ್ಕಳಿಗೆ ಅಕ್ಷರಗಳನ್ನು ಮೂರು ಬಗೆಯಲ್ಲಿ ಕಲಿಸಿದರು: ಕೆಲವನ್ನು ನೋಡಿ ತಾವೇ ಬರೆಯುವುದು, ಕೆಲವನ್ನು ಅಚ್ಚಿನ ಗೆರೆಯ ಮೇಲೆ ತಿದ್ದುವುದು, ಕೆಲವನ್ನು ಕೀಲಿಮಣೆಯಲ್ಲಿ ಒತ್ತುವುದು. ಆಮೇಲೆ ಎಂಆರ್‌ಐ ಯಂತ್ರದಲ್ಲಿ ಮಲಗಿಸಿ ಆ ಅಕ್ಷರಗಳನ್ನು ತೋರಿಸಿದರು. ಓದುಗರಲ್ಲಿ ಕೆಲಸ ಮಾಡುವ ಮಿದುಳಿನ ಭಾಗಗಳು ಚುರುಕಾದದ್ದು ತಾವೇ ಬರೆದ ಅಕ್ಷರಗಳಿಗೆ. ತಿದ್ದಿದ್ದಕ್ಕೂ ಒತ್ತಿದ್ದಕ್ಕೂ ಆ ಪರಿಣಾಮ ಇರಲಿಲ್ಲ. ಫ್ರಾನ್ಸಿನಲ್ಲಿ ಮರಿಕೆ ಲಾಂಗ್‌ಕಾಂಪ್‌ ಮತ್ತು ಸಂಗಡಿಗರು 2005ರಲ್ಲಿ ಮೂರರಿಂದ ಐದು ವರ್ಷದ 76 ಮಕ್ಕಳಲ್ಲಿ ಕೈಬರಹವನ್ನೂ ಕೀಲಿಮಣೆಯನ್ನೂ ಹೋಲಿಸಿದಾಗ, ಅವರಲ್ಲಿ ದೊಡ್ಡವರಾದ ಮಕ್ಕಳು ಕೈಯಿಂದ ಬರೆದ ಅಕ್ಷರಗಳನ್ನೇ ಚೆನ್ನಾಗಿ ಗುರುತಿಸಿದರು.

ಜೇಮ್ಸ್‌ ತಂಡ ಕೊಡುವ ವಿವರಣೆ ಕುತೂಹಲದ್ದು. ಮಗು ತಾನೇ ಬರೆದ ‘ಗ’ ಒಂದು ಸಲ ಕುಳ್ಳಗೆ, ಒಂದು ಸಲ ಸೊಟ್ಟ, ಇನ್ನೊಂದು ಸಲ ಅರ್ಧ ಬಿಚ್ಚಿದಂತೆ ಇರುತ್ತದೆ. ಆ ಸೊಟ್ಟತನವೇ ಪಾಠ. ಹತ್ತು ಬಗೆಯ ‘ಗ’ಗಳನ್ನು ನೋಡಿದ ಕಣ್ಣಿಗೆ ಏನು ಬದಲಾದರೂ ‘ಗ’ ಆಗಿಯೇ ಉಳಿಯುತ್ತದೆ, ಏನು ಬದಲಾದರೆ ಉಳಿಯುವುದಿಲ್ಲ ಎಂಬುದು ಹೊಳೆಯುತ್ತದೆ. ಚುಕ್ಕೆಯ ಮೇಲೆ ತಿದ್ದಿದಾಗ ಎಲ್ಲವೂ ಒಂದೇ ಅಚ್ಚು. ಹಳೆಯ ಕೂಲಿಮಠಗಳಲ್ಲಿ ಮರಳು ಹರವಿ, ಬೆರಳಲ್ಲಿ ಬರೆದು, ಅಳಿಸಿ, ಮತ್ತೆ ಬರೆಸುತ್ತಿದ್ದ ಪದ್ಧತಿ ಈ ದೃಷ್ಟಿಯಿಂದ ಇಂದಿನ ದುಬಾರಿ ವರ್ಕ್‌ಬುಕ್ಕಿಗಿಂತ ಮೇಲು. ಮೊಬೈಲಿನ ಗಾಜಿನ ಮೇಲೆ ಬೆರಳಾಡಿಸಿ ಬಣ್ಣ ತುಂಬುವ ಆ್ಯಪ್‌ಗಳಲ್ಲೂ ಹೆಚ್ಚಿನವು ತಿದ್ದುವ ಪುಸ್ತಕದ ಮೊಮ್ಮಕ್ಕಳೇ.

ಗೋಡೆಗೆ ತೂಗುಹಾಕುವ ಚಾರ್ಟಿನ ಬಗ್ಗೆಯೂ ಒಂದು ತಕರಾರಿದೆ. ಆ-ಆನೆ, ಇ-ಇಲಿ. ಮಗು ಚಾರ್ಟನ್ನು ಗಡಗಡ ಓದುತ್ತದೆ, ಮನೆಯವರು ಹಿಗ್ಗುತ್ತಾರೆ. ಚಿತ್ರದ ಮೇಲೆ ಕೈಯಿಟ್ಟು ಮುಚ್ಚಿ ಕೇಳಿದರೆ ಮಗು ಸುಮ್ಮನಾಗುತ್ತದೆ. ಅದು ಓದುತ್ತಿದ್ದದ್ದು ಆನೆಯನ್ನು. ಕಥೆಪುಸ್ತಕದಲ್ಲೂ ಹೀಗೆಯೇ: ಕೆನಡಾದ ಮೇರಿ ಆ್ಯನ್‌ ಎವನ್ಸ್‌ ಮತ್ತು ಜೀನ್‌ ಸೆಂಟ್‌-ಆಬಿನ್‌ 2005ರಲ್ಲಿ ನಾಲ್ಕು ವರ್ಷದ ಮಕ್ಕಳ ಕಣ್ಣಿನ ಚಲನೆಯನ್ನು ಯಂತ್ರದಿಂದ ಗುರುತಿಸಿದಾಗ, ದೊಡ್ಡವರು ಓದಿ ಹೇಳುವಷ್ಟು ಹೊತ್ತೂ ಮಕ್ಕಳು ಚಿತ್ರಗಳನ್ನೇ ನೋಡುತ್ತಿದ್ದರು, ಅಕ್ಷರದ ಕಡೆ ಕಣ್ಣು ಹಾಯಿಸಿದ್ದು ತೀರಾ ಅಪರೂಪ. ಕಥೆ ಕೇಳಿಸಿದರೆ ಮಾತು ಬೆಳೆಯುತ್ತದೆ, ಅದರಲ್ಲಿ ಅನುಮಾನವಿಲ್ಲ. ಅಕ್ಷರ ಬೇಕಾದರೆ ಅಲ್ಲೊಂದು ಇಲ್ಲೊಂದು ಸಾಲಿನ ಕೆಳಗೆ ಬೆರಳಿಟ್ಟು ತೋರಿಸಬೇಕು.

ಚಿತ್ರ ಬೇಡವೆಂದಲ್ಲ. ಲಿನ್ನಿಯಾ ಎಹ್ರಿ ಮತ್ತು ಜೊತೆಗಾರರು 1984ರಲ್ಲಿ ತೋರಿಸಿದಂತೆ, ಅಕ್ಷರದ ಗೆರೆಯೇ ಚಿತ್ರದ ಗೆರೆಯಾದಾಗ ಅದು ಮನಸ್ಸಿನಲ್ಲಿ ಕೂರುತ್ತದೆ. ಪಕ್ಕದಲ್ಲಿ ಬಿಡಿಯಾಗಿ ನಿಂತ ಚಿತ್ರದಿಂದ ಆ ಉಪಕಾರವಿಲ್ಲ. ಕನ್ನಡಕ್ಕೆ ಇದನ್ನು ಒಗ್ಗಿಸುವುದು ಕಷ್ಟವಲ್ಲ. ‘ಗ’ ನೋಡಲು ಗವಿಯ ಬಾಯಿಯ ಹಾಗೇ ಇದೆ, ಗವಿ ಶುರುವಾಗುವುದೂ ಗ ದಿಂದ. ‘ರ’ ರಥದ ಗಾಲಿಯಾಗಬಹುದು. ಎಲ್ಲ ಅಕ್ಷರಕ್ಕೂ ಇಂಥ ಅದೃಷ್ಟವಿಲ್ಲ; ‘ಞ’ಕ್ಕೆ ಚಿತ್ರ ಹುಡುಕಹೊರಟವರು ಕೈಚೆಲ್ಲಿದರೂ ನಷ್ಟವಿಲ್ಲ.

ಮಗುವಿನ ಹೆಸರು ಇನ್ನೊಂದು ಬಾಗಿಲು. ರೆಬೆಕಾ ಟ್ರೈಮನ್‌ 1998ರಲ್ಲಿ ವರದಿ ಮಾಡಿದಂತೆ ಮಕ್ಕಳು ತಮ್ಮ ಹೆಸರಿನ ಮೊದಲ ಅಕ್ಷರವನ್ನು ಉಳಿದವಕ್ಕಿಂತ ಬೇಗ ಗುರುತಿಸುತ್ತಾರೆ. ಕಮಲ, ರಮಣ ಎಂಬ ಹೆಸರಿನ ಮಕ್ಕಳ ಪುಣ್ಯ ದೊಡ್ಡದು. ಶ್ರೀನಿಧಿ, ಪ್ರಜ್ವಲ, ಹೃತಿಕ್‌ ಎಂದಿಟ್ಟವರ ಮನೆಯಲ್ಲಿ ಒತ್ತು, ದೀರ್ಘ, ವಟ್ರಸುಳಿಗಳು ಮೊದಲ ದಿನವೇ ಎದುರಾಗುತ್ತವೆ. ಅಂಥಲ್ಲಿ ಹೆಸರನ್ನು ಇಡಿಯಾಗಿ ಒಂದು ಚಿತ್ರದಂತೆ ಕಾಣಲು ಬಿಟ್ಟು, ಅದರೊಳಗಿನ ಸರಳ ಅಕ್ಷರದಿಂದ ಪಾಠ ಶುರು ಮಾಡುವುದು ಮೇಲು. ಶ್ರೀನಿಧಿಯ ‘ನಿ’ ಅಷ್ಟೊಂದು ಹೆದರಿಸುವುದಿಲ್ಲ.

ಕಲಿತ ಮೇಲೆ ಕಣ್ಣಿನಲ್ಲಿ ಏನಾಗುತ್ತದೆ? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆಕಾಶ್‌ ಅಗರ್‌ವಾಲ್‌, ಕೆ.ವಿ.ಎಸ್‌. ಹರಿ ಮತ್ತು ಎಸ್‌.ಪಿ. ಅರುಣ್‌ 2019ರಲ್ಲಿ ಪ್ರಕಟಿಸಿದ ಕೆಲಸ ಇದಕ್ಕೆ ಉತ್ತರ ಕೊಡುತ್ತದೆ. ಅವರು ಆರಿಸಿಕೊಂಡದ್ದು ತೆಲುಗು ಓದಬಲ್ಲ, ಮಲಯಾಳ ಬಾರದ ಒಂದು ಗುಂಪು. ಮಲಯಾಳ ಬಲ್ಲ, ತೆಲುಗು ಬಾರದ ಇನ್ನೊಂದು ಗುಂಪು. ಒಬ್ಬರಿಗೆ ಅಕ್ಷರವಾದದ್ದು ಇನ್ನೊಬ್ಬರಿಗೆ ಬರಿಯ ಸುರುಳಿ. ತಮ್ಮ ಲಿಪಿಯಲ್ಲಿ ಓದುಗರು ಬಿಡಿ ಅಕ್ಷರಗಳನ್ನು ಒಂದರಿಂದೊಂದು ಬೇರ್ಪಡಿಸುವುದರಲ್ಲಿ ಚುರುಕಾಗಿದ್ದರು. ಅದಕ್ಕಿಂತ ಮುಖ್ಯ ಸಂಗತಿ, ಎರಡು ಅಕ್ಷರ ಪಕ್ಕಪಕ್ಕ ಬಂದಾಗ ಒಂದರಿಂದ ಇನ್ನೊಂದರ ಮೇಲೆ ಬೀಳುವ ನೆರಳು ಓದುಗರಲ್ಲಿ ಕಡಿಮೆಯಾಗಿತ್ತು. ಆ ನೆರಳು ಎಷ್ಟು ಕಡಿಮೆಯೋ ಓದಿನ ಓಟ ಅಷ್ಟು ಸರಾಗ. ಅಂದರೆ ಓದು ಬಲ್ಲ ಕಣ್ಣು ಇಡೀ ಪದವನ್ನು ಒಂದು ಗೊಂಬೆಯಂತೆ ನುಂಗುವುದಿಲ್ಲ. ಗುಂಪಿನಲ್ಲೂ ಪ್ರತಿ ಅಕ್ಷರವನ್ನು ಅದರ ಪಾಡಿಗೆ ಅದನ್ನು ಬಿಟ್ಟು ನೋಡುತ್ತದೆ. ಅಕ್ಷರವೇ ಬೇಡ, ಪದಗಳನ್ನು ಇಡಿಯಾಗಿ ತೋರಿಸಿದರೆ ಸಾಕು ಎನ್ನುವವರು ಇದನ್ನು ಗಮನಿಸಬೇಕು.

ವಯಸ್ಸು ಮೀರಿತು ಎಂಬ ಮಾತಿಗೂ ಇಲ್ಲಿ ಜಾಗವಿಲ್ಲ. ಹೈದರಾಬಾದ್‌ ವಿಶ್ವವಿದ್ಯಾಲಯದ ರಮೇಶ್‌ ಮಿಶ್ರಾ ಸೇರಿದಂತೆ ಭಾರತ ಮತ್ತು ಯುರೋಪಿನ ಸಂಶೋಧಕರು ಉತ್ತರ ಪ್ರದೇಶದ ಹಳ್ಳಿಗಳಲ್ಲಿ ಓದು ಬಾರದ ವಯಸ್ಕರಿಗೆ, ಹೆಚ್ಚಾಗಿ ಹೆಂಗಸರಿಗೆ, ಆರು ತಿಂಗಳು ದೇವನಾಗರಿ ಕಲಿಸಿ ಮೊದಲೂ ಆಮೇಲೂ ಮಿದುಳಿನ ಚಿತ್ರ ತೆಗೆದರು. 2017ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಬದಲಾವಣೆ ಕಂಡದ್ದು ಮಿದುಳಿನ ಹೊರಪದರದಲ್ಲಷ್ಟೇ ಅಲ್ಲ, ಆಳದಲ್ಲಿರುವ ಥಲಾಮಸ್‌ ಮತ್ತು ಮಿದುಳಿನ ಕಾಂಡದಲ್ಲೂ. ಮೊಮ್ಮಗುವಿಗೆ ಕನ್ನಡ ಕಲಿಸಲೆಂದು ತಾನೂ ಅಕ್ಷರ ಕಲಿಯಲು ಕೂತ ಉರ್ದು ಓದಿದ ಅಜ್ಜನಿಗೆ ಇದು ಸಮಾಧಾನದ ಸುದ್ದಿ.

ಕೊನೆಗೆ ಉಳಿಯುವುದು ಅರ್ಕಾವೊತ್ತು. ‘ಸೂರ್ಯ’ ಎಂದು ಹೇಳುವಾಗ ರ್‌ ಮೊದಲು, ಯ ಆಮೇಲೆ. ಕನ್ನಡದಲ್ಲಿ ಬರೆಯುವಾಗ ಯ ಮೊದಲು, ರ್‌ ಅದರ ಬಲಕ್ಕೆ ಕೊಕ್ಕೆಯಾಗಿ ಆಮೇಲೆ. ತೆಲುಗಿನಲ್ಲೂ ಹಿಂದೆ ಇದೇ ಬಗೆಯ ಗುರುತಿತ್ತು, ಈಗ ಅದು ಬಳಕೆಯಿಂದ ಜಾರಿದೆ. ಇಂದಿನ ತೆಲುಗು ರ ಬರೆದು ಅದಕ್ಕೆ ಯ ಒತ್ತು ಕೊಡುತ್ತದೆ, ನುಡಿದ ಕ್ರಮದಲ್ಲೇ. ಶಾಲೆಯಲ್ಲಿ ತೆಲುಗು ಓದುವ ಕನ್ನಡದ ಮಗು ‘ಸೂರ್ಯ’ವನ್ನು ‘ಸೂಯ್ರ’ ಎಂದು ಓದಿದರೆ ಅದು ತಾನು ಕಲಿತ ನಿಯಮವನ್ನು ನಿಷ್ಠೆಯಿಂದ ಪಾಲಿಸುತ್ತಿದೆ ಎಂದರ್ಥ. ಹತ್ತು ಸಲ ಬೈಯುವ ಬದಲು ಧರ್ಮ, ಕರ್ಣ, ಸೂರ್ಯ ಎಂಬ ಪದಗಳನ್ನು ಎರಡೂ ಲಿಪಿಯಲ್ಲಿ ಬರೆದು, ‘ಇಲ್ಲಿ ರ್‌ ಎಲ್ಲಿ ಕೂತಿದೆ, ಅಲ್ಲಿ ಎಲ್ಲಿ ಕೂತಿದೆ’ ಎಂದು ಹುಡುಕಲು ಬಿಟ್ಟರೆ ಅದಕ್ಕೇ ಗೊತ್ತಾಗುತ್ತದೆ.

ಇಷ್ಟೆಲ್ಲ ಆದರೂ ಹಿಂದೆ ಬೀಳುವ ಮಕ್ಕಳಿರುತ್ತಾರೆ. ಒಂದನೇ ತರಗತಿಯಲ್ಲಿ ಕಾಗುಣಿತ ತಪ್ಪಿದರೆ, ಎರಡನೆಯದರಲ್ಲಿ ಒತ್ತು ಬಿಟ್ಟುಹೋದರೆ ಅದು ಈ ಲಿಪಿಯ ಸಹಜ ವೇಗ, ರೋಗವಲ್ಲ. ಪಾಠ ಸರಿಯಾಗಿ ನಡೆದೂ ಸರಳ ಅಕ್ಷರಗಳೇ ವರ್ಷ ಕಳೆದರೂ ನಿಲ್ಲದಿದ್ದರೆ, ಕ-ಮ-ಲ ಎಂದು ಚಪ್ಪಾಳೆಯಲ್ಲಿ ಒಡೆಯುವುದೂ ಆಗದಿದ್ದರೆ ಪರೀಕ್ಷೆ ಮಾಡಿಸಬೇಕು. ಆ ಪರೀಕ್ಷೆ ಇಂಗ್ಲಿಷಿನಲ್ಲೇ ನಡೆಯಬೇಕೆಂದಿಲ್ಲ. ಹರಿಯಾಣದ ಮಾನೇಸರದ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರದಲ್ಲಿ ನಂದಿನಿ ಸಿಂಗ್‌ ಅವರ ಮುಂದಾಳತ್ವದಲ್ಲಿ ರೂಪುಗೊಂಡು 2015ರಲ್ಲಿ ಹೊರಬಂದ ‘ಡಾಲಿ’ ಎಂಬ ಡಿಸ್ಲೆಕ್ಸಿಯಾ ಪರೀಕ್ಷಾ ಸಾಧನದ ಮೊದಲ ನಾಲ್ಕು ಭಾಷೆಗಳಲ್ಲಿ ಹಿಂದಿ, ಮರಾಠಿ, ಇಂಗ್ಲಿಷಿನ ಜೊತೆಗೆ ಕನ್ನಡವೂ ಇತ್ತು.